ಕಡಿಯದೆ ಒಳಮನೆಯಿಲ್ಲ

ಚೌಕಾಬಾರದಲ್ಲಿ ಎದುರಾಳಿಯ ಒಂದು ಕಾಯಿಯನ್ನಾದರೂ ಕಡಿಯದೆ ಒಳಮನೆಗೆ ಹೋಗುವ ಹಾಗಿಲ್ಲ. ಹೊರಸುತ್ತು ಮುಗಿದು ಒಳದಾರಿ ಕಣ್ಣೆದುರೇ ಇದ್ದರೂ, ಯಾರನ್ನೂ ಕಡಿಯದವನ ಕಾಯಿ ಗಾಣದೆತ್ತಿನ ಹಾಗೆ ಮತ್ತೆ ಹೊರಗೇ ತಿರುಗಬೇಕು. ಲೂಡೋದಲ್ಲಿ ಈ ಕಟ್ಟು ಇಲ್ಲ. ಅಲ್ಲಿ ಯಾರ ಗೊಡವೆಗೂ ಹೋಗದೆ, ಒಳ್ಳೆಯವನೆನಿಸಿಕೊಂಡೇ ಮನೆ ಸೇರಬಹುದು. ಚೌಕಾಬಾರ ಒಳ್ಳೆಯವರಿಗೆ ಆ ಸವಲತ್ತು ಕೊಟ್ಟಿಲ್ಲ. ಗೆಲ್ಲಬೇಕೆಂದರೆ ಯಾರ ಜೊತೆಗಾದರೂ ನಿಷ್ಠುರ ಕಟ್ಟಿಕೊಳ್ಳಲೇಬೇಕು. ಆದ್ದರಿಂದ ಇದು ಗುರುತು ಪರಿಚಯ ಇಲ್ಲದವರ ಜೊತೆ ಆಡುವ ಆಟವಲ್ಲ. ಕಡಿದವರಿಗೂ ಕಡಿಸಿಕೊಂಡವರಿಗೂ ಮುಂದಿನ ವಾರ ಮತ್ತೆ ಅದೇ ಚಾಪೆಯ ಮೇಲೆ ಕೂರುತ್ತೇವೆ ಎಂಬ ಖಾತರಿ ಇರಬೇಕು.

ಚಾಮರಾಜನಗರ, ಗುಂಡ್ಲುಪೇಟೆಗಳಿಗೆ ಹಂಚಿಹೋಗಿರುವ ನಮ್ಮ ಗುಂಪಿಗೆ ಆ ಖಾತರಿ ಇದೆ. ಶನಿವಾರ ಸಂಜೆ, ಒಂದು ವಾರ ಇಲ್ಲಿ, ಇನ್ನೊಂದು ವಾರ ಅಲ್ಲಿ. ಮಧ್ಯಾಹ್ನ ತೆರಕಣಾಂಬಿ ಮೇಲೆ ಹೋಗುವ ಬಸ್ಸು ಹಿಡಿದರೆ ಟೀ ಹೊತ್ತಿಗೆ ಗುಂಡ್ಲುಪೇಟೆ. ಗಣಿತ ಹೇಳಿಕೊಟ್ಟು ನಿವೃತ್ತರಾದ ಮೇಷ್ಟ್ರು, ಎಲ್ಲರಿಗೂ ಅಕ್ಕ ಆಗಿರುವ ಅವರ ಹೆಂಡತಿ, ಬಸ್ ಕಂಡಕ್ಟರ್ ಒಬ್ಬರು, ಹಂಗಳದ ಕಡೆ ಚೆಂಡುಹೂವು, ಅರಿಶಿನ ಬೆಳೆಯುವ ನನ್ನ ಭಾವ, ರಜೆ ಸಿಕ್ಕಾಗ ಬೆಂಗಳೂರಿನಿಂದ ಬರುವ ಅವರ ಮಗ. ನಡುವೆ ಒಂದು ಮೊರದ ತುಂಬ ಖಾರದ ಪುರಿ. ಆಟ ಶುರುವಾಗುವ ಮೊದಲು ಪುರಿ ತಿಂದ ಕೈ ಒರೆಸಿಕೊಳ್ಳಬೇಕು ಎಂಬುದೊಂದೇ ಈ ಗುಂಪಿನಲ್ಲಿ ತಕರಾರಿಲ್ಲದೆ ಜಾರಿಯಲ್ಲಿರುವ ಕಾನೂನು. ಕವಡೆಗೆ ಎಣ್ಣೆ ಹತ್ತಿದರೆ ಜಾರುತ್ತದೆ, ಜಾರಿದರೆ ಜಗಳ.

ಮಿಕ್ಕ ಎಲ್ಲ ಕಾನೂನಿಗೂ ತಕರಾರಿದೆ. ಹೋದ ಸಲ ಹೀಗಾಯಿತು. ಕಂಡಕ್ಟರಣ್ಣನ ಎರಡು ಕಾಯಿ ಒಂದೇ ಮನೆಯಲ್ಲಿ ಗಟ್ಟಿಯಾಗಿ, ಅಂದರೆ ಜೋಡಿಯಾಗಿ, ಕೂತಿದ್ದವು. ಭಾವನ ಒಂಟಿ ಕಾಯಿ ಹಿಂದಿನಿಂದ ಬಂದು ಅಲ್ಲೇ ಬಿತ್ತು. ಭಾವ ಎರಡನ್ನೂ ಎತ್ತಿ ಪಕ್ಕಕ್ಕಿಟ್ಟರು.

“ಜೋಡಿ ಕಾಯ ಒಂಟಿ ಕಾಯಲ್ಲಿ ಕಡ್ಯಾಕಾಯ್ತದಾ? ಯಾವೂರ್ ಕಟ್ಟಣ್ಣ ಇದು?”

“ನಮ್ಮೂರ್ ಕಟ್ಟು ಕನ. ಒಳಸುತ್ತಲ್ಲಿ ಮಾತ್ರ ಗಟ್ಟಿ. ಹೊರಗಡೆ ಗಟ್ಟಿನೂ ಇಲ್ಲ, ಪೊಳ್ಳೂ ಇಲ್ಲ.”

“ಆಟಕ್ಕ ಮುಂಚೆ ಹೇಳ್ಬೇಕಾಗಿತ್ತು. ಈಗ ಇಬ್ರೂ ಬುಡಿ,” ಅಂದರು ಅಕ್ಕ. ತೀರ್ಪು ಭಾವನ ಪರವೋ ಕಂಡಕ್ಟರಣ್ಣನ ಪರವೋ ಯಾರಿಗೂ ಗೊತ್ತಾಗಲಿಲ್ಲ. ಕೊನೆಗೆ ಒಂದು ಕಾಯಿ ವಾಪಸು ಹೋಯಿತು, ಇನ್ನೊಂದು ಉಳಿಯಿತು. ಇಂಥ ರಾಜಿ ಯಾವ ಊರಿನ ಕಟ್ಟಿನಲ್ಲೂ ಇರಲಾರದು. ಆದರೆ ಇನ್ನು ಮುಂದೆ ನಮ್ಮ ಗುಂಪಿನಲ್ಲಿ ಇದೇ ಕಟ್ಟು.

ಆಟ ಗೊತ್ತಿಲ್ಲದವರಿಗೆ, ಅಥವಾ ಮರೆತವರಿಗೆ, ನಾಲ್ಕು ಮಾತು. ಐದಕ್ಕೈದು, ಒಟ್ಟು 25 ಮನೆ. ನಾಲ್ಕು ದಿಕ್ಕಿನ ಅಂಚಿನ ನಡುಮನೆಗೂ, ಎಲ್ಲದರ ನಟ್ಟನಡುವಿನ ಮನೆಗೂ ಅಡ್ಡಗೀಟು ಹಾಕಿರುತ್ತದೆ. ಇವು ಕಟ್ಟೆಗಳು. ಕಟ್ಟೆಯ ಮೇಲಿರುವ ಕಾಯಿಯನ್ನು ಯಾರೂ ಮುಟ್ಟುವಂತಿಲ್ಲ. ನಾಲ್ವರು ಆಟಗಾರರು, ತಲಾ ನಾಲ್ಕು ಕಾಯಿ, ನಾಲ್ಕು ಕವಡೆ. ಎಷ್ಟು ಕವಡೆ ಅಂಗಾತ ಬೀಳುತ್ತವೋ ಅಷ್ಟು ಮನೆ ನಡೆ. ನಾಲ್ಕೂ ಅಂಗಾತವಾದರೆ ಚೌಕ, ನಾಲ್ಕು ಮನೆ. ನಾಲ್ಕೂ ಬೋರಲಾದರೆ ಬಾರ, ಎಂಟು ಮನೆ. ಚೌಕವೋ ಬಾರವೋ ಬಿದ್ದರೆ ಇನ್ನೊಂದು ಸಲ ಕವಡೆ ಬಿಡಬಹುದು, ಕಡಿದರೂ ಇನ್ನೊಂದು ಸಲ. ಹೊರಗಿನ ಸುತ್ತು ಅಪ್ರದಕ್ಷಿಣೆ, ಒಳಗಿನದು ಪ್ರದಕ್ಷಿಣೆ. ನಟ್ಟನಡುವಿನ ಮನೆ ಮುಟ್ಟಿದ ಕಾಯಿ ಹಣ್ಣು. ನಾಲ್ಕೂ ಮೊದಲು ಯಾರದು ಹಣ್ಣಾಯಿತೋ ಅವರು ಗೆದ್ದರು. ಕೆಲವು ಮನೆಗಳಲ್ಲಿ ಏಳಕ್ಕೇಳು ಮನೆಯ ದೊಡ್ಡ ಪಟವೂ ಉಂಟು. ಅದಕ್ಕೆ ಕೂತರೆ ಅಡುಗೆ ಕೆಟ್ಟಿತು ಅಂತಲೇ ಲೆಕ್ಕ.

ಮೇಷ್ಟ್ರು ಒಂದು ಸಂಜೆ ಖಾರದ ಪುರಿ ಕಟ್ಟಿಕೊಂಡು ಬಂದಿದ್ದ ಕಾಗದದ ಹಿಂದೆ ಇದರ ಲೆಕ್ಕ ಹಾಕಿ ತೋರಿಸಿದರು. ಕವಡೆಯ ಎರಡೂ ಬದಿ ಸಮನಾಗಿ ಬೀಳುತ್ತವೆ ಎಂದಿಟ್ಟುಕೊಂಡರೆ ನಾಲ್ಕು ಕವಡೆ ಬೀಳುವ ಬಗೆ ಒಟ್ಟು 16. ಅದರಲ್ಲಿ ಒಂದು ಬೀಳುವುದು 4 ಬಗೆಯಲ್ಲಿ, ಎರಡು 6 ಬಗೆಯಲ್ಲಿ, ಮೂರು 4 ಬಗೆಯಲ್ಲಿ. ಚೌಕ ಒಂದೇ ಬಗೆ, ಬಾರ ಒಂದೇ ಬಗೆ. ಸರಾಸರಿ ತೆಗೆದರೆ ಒಂದು ಗರಕ್ಕೆ, ಅಂದರೆ ಒಂದು ಸಲ ಕವಡೆ ಬಿಟ್ಟದ್ದಕ್ಕೆ, ಎರಡೂವರೆ ಮನೆ. ತನ್ನ ಕಟ್ಟೆಯಿಂದ ಹೊರಟ ಕಾಯಿ ಹಣ್ಣಾಗಲು 24 ಹೆಜ್ಜೆ. ನಾಲ್ಕು ಕಾಯಿಗೆ 96. ಅಂದರೆ ಯಾರೂ ಯಾರನ್ನೂ ಕಡಿಯದಿದ್ದರೂ ಒಬ್ಬೊಬ್ಬರಿಗೆ ಹೆಚ್ಚುಕಡಿಮೆ 39 ಗರ ಬೇಕು. ಕಡಿಯದೆ ಒಳಗೆ ಹೋಗುವಂತಿಲ್ಲವಲ್ಲ, ಹಾಗಾಗಿ ಲೆಕ್ಕ ಎಂದೂ 39ಕ್ಕೆ ನಿಲ್ಲುವುದಿಲ್ಲ. ಐದು ಗಂಟೆಗೆ ಹಾಸಿದ ಪಟ ಏಳೂವರೆಯಾದರೂ ಎತ್ತಲಾಗದಿರುವುದು ಇದೇ ಕಾರಣಕ್ಕೆ.

ಇದೇ ಲೆಕ್ಕದಿಂದ ಇನ್ನೊಂದು ಗುಟ್ಟೂ ಹೊರಬೀಳುತ್ತದೆ. ಎಲ್ಲಕ್ಕಿಂತ ಹೆಚ್ಚು ಬೀಳುವುದು ಎರಡು. ಆದ್ದರಿಂದ ಎದುರಾಳಿಯ ಕಾಯಿಗಿಂತ ಎರಡು ಮನೆ ಮುಂದೆ ನಿಲ್ಲುವುದೆಂದರೆ ಕುತ್ತಿಗೆ ಕೊಟ್ಟಂತೆ: 16ರಲ್ಲಿ 6 ಸಲ ಕಡಿಸಿಕೊಳ್ಳುತ್ತೀರಿ. ಒಂದು ಅಥವಾ ಮೂರು ಮನೆ ಮುಂದಾದರೆ 16ರಲ್ಲಿ 4. ನಾಲ್ಕು ಮನೆ ಮುಂದಾದರೆ ಒಂದೇ. ಐದು ಮನೆ ಮುಂದಿದ್ದರಂತೂ ಅವನಿಗೆ ಮೊದಲು ಚೌಕ ಬಿದ್ದು, ಅದರ ಮೇಲೆ ಒಂದು ಬೀಳಬೇಕು: 64 ಸಲಕ್ಕೆ ಒಂದು ಸಲ. ಮೇಷ್ಟ್ರು ಇಷ್ಟನ್ನೂ ವಿವರಿಸಿ ಮುಗಿಸಿದಾಗ ಅಕ್ಕ ಒಳಗಿನಿಂದ ಟೀ ತಂದಿಟ್ಟು, “ಇದು ಈಗ ಗೊತ್ತಾಯ್ತಾ ನಿಮಗೆ?” ಅಂದರು. ಅವರು ಎಂದೂ ಕಾಗದದ ಮೇಲೆ ಲೆಕ್ಕ ಹಾಕಿದವರಲ್ಲ. ಆದರೆ ಅವರ ಕಾಯಿ ಯಾರಿಗೂ ಎರಡು ಮನೆ ಮುಂದೆ ನಿಂತದ್ದನ್ನು ನಾವು ಕಂಡಿಲ್ಲ. ಹಾಗೆ ನಿಲ್ಲಬೇಕಾಗಿ ಬಂದರೆ, ಅವರು ಆ ಕಾಯಿಯನ್ನು ಬಿಟ್ಟು ಬೇರೆ ಕಾಯಿ ನಡೆಸುತ್ತಾರೆ. ಅಕ್ಕನ ತಾಯಿಯೂ ಹೀಗೇ ಆಡುತ್ತಿದ್ದರಂತೆ.

ಕವಡೆ ನಾಣ್ಯದ ಹಾಗೆ ಎರಡೂ ಕಡೆ ಒಂದೇ ಸಮ ಬೀಳುವುದಿಲ್ಲ ಎಂಬುದು ಬೇರೆ ಮಾತು. ಬೆನ್ನು ಉಬ್ಬು, ಹೊಟ್ಟೆ ಚಪ್ಪಟೆ. ಒಂದೊಂದು ಕವಡೆಗೆ ಒಂದೊಂದು ಚಾಳಿ. ಕವಡೆ ಇಲ್ಲದ ಮನೆಯಲ್ಲಿ ಹುಣಸೆ ಬೀಜವನ್ನು ಜಗಲಿ ಕಲ್ಲಿಗೆ ಉಜ್ಜಿ ಒಂದು ಬದಿ ಬಿಳಿ ಮಾಡಿಕೊಳ್ಳುತ್ತಾರೆ. ಉಜ್ಜುವಾಗ ಎಷ್ಟು ತೆಳ್ಳಗೆ ಮಾಡಿದರೆ ಯಾವ ಬದಿ ಜಾಸ್ತಿ ಬೀಳುತ್ತದೆ ಎಂಬ ವಿದ್ಯೆ ಕೆಲವರಿಗೆ ಕರಗತ. ಹಾಗಾಗಿ ನಮ್ಮಲ್ಲಿ ಬೀಜ ತಂದವರೇ ಮೊದಲು ಬಿಡುವಂತಿಲ್ಲ.

ಚಾಮರಾಜನಗರದಲ್ಲಿ ಕೂತು ಮಣೆಯಾಟದ ಮಾತಾಡುವಾಗ ಒಬ್ಬ ರಾಜನ ಹೆಸರು ಹೇಳದೆ ಮುಂದೆ ಹೋಗುವ ಹಾಗಿಲ್ಲ. ಈ ಊರಿನ ಹಳೆಯ ಹೆಸರು ಅರಿಕುಠಾರ. ಖಾಸಾ ಚಾಮರಾಜ ಒಡೆಯರು ಹುಟ್ಟಿದ್ದು ಇಲ್ಲಿ. ಅವರ ಮಗ ಮುಮ್ಮಡಿ ಕೃಷ್ಣರಾಜ ಒಡೆಯರು ತಂದೆಯ ನೆನಪಿಗೆ 1818ರಲ್ಲಿ ಊರಿಗೆ ಚಾಮರಾಜನಗರ ಎಂದು ಹೆಸರಿಟ್ಟರು, 1826ರಲ್ಲಿ ಚಾಮರಾಜೇಶ್ವರ ದೇವಸ್ಥಾನ ಕಟ್ಟಿಸಿದರು. ತಂದೆ ಹುಟ್ಟಿದ ಜಾಗದಲ್ಲಿ ಜನನ ಮಂಟಪವೂ ಇದೆ. ಆಷಾಢದ ರಥೋತ್ಸವಕ್ಕೆ ಹೊಸದಾಗಿ ಮದುವೆಯಾದ ಜೋಡಿಗಳು ಸಾಲುಗಟ್ಟಿ ಬರುವ ದೇವಸ್ಥಾನ ಇದೇ. ಅದನ್ನು ಕಟ್ಟಿಸಿದ ದೊರೆ ಭಾರತದ ಮಣೆಯಾಟಗಳ ಚರಿತ್ರೆಯಲ್ಲಿ ಎಷ್ಟು ದೊಡ್ಡ ಹೆಸರು ಎಂಬುದು ತೇರೆಳೆಯುವವರಲ್ಲಿ ಹೆಚ್ಚು ಮಂದಿಗೆ ತಿಳಿದಿಲ್ಲ.

ಮುಮ್ಮಡಿಯವರು ಪಟ್ಟಕ್ಕೆ ಬಂದದ್ದು 1799ರಲ್ಲಿ, ಸುಮಾರು ಐದು ವರ್ಷದ ಹುಡುಗನಾಗಿ. 1831ರಲ್ಲಿ ಬ್ರಿಟಿಷರು ಆಡಳಿತವನ್ನು ತಮ್ಮ ಕೈಗೆ ತೆಗೆದುಕೊಂಡರು. ಅಲ್ಲಿಂದ 1868ರಲ್ಲಿ ತೀರಿಕೊಳ್ಳುವವರೆಗೆ ದೊರೆಗೆ ಸಿಂಹಾಸನ ಇತ್ತು, ದರ್ಬಾರು ಇತ್ತು, ಆಳುವ ಕೆಲಸ ಇರಲಿಲ್ಲ. ಆ ಬಿಡುವು ಸಾಹಿತ್ಯಕ್ಕೆ, ಚಿತ್ರಕ್ಕೆ, ಆಟಕ್ಕೆ ಹರಿಯಿತು. ಅವರ ಆಶ್ರಯದಲ್ಲಿ ಸಿದ್ಧವಾದ ‘ಶ್ರೀತತ್ತ್ವನಿಧಿ’ಯಲ್ಲಿ ಒಂಬತ್ತು ನಿಧಿಗಳು. ಶಕ್ತಿ, ವಿಷ್ಣು, ಶಿವ ಮುಂತಾದವು ದೇವತೆಗಳ ಸ್ವರೂಪಕ್ಕೆ, ಧರ್ಮದ ವಿಚಾರಕ್ಕೆ ಮೀಸಲು. ಕೊನೆಯದು ಕೌತುಕನಿಧಿ, ಆಟಗಳ ಭಂಡಾರ. ಗಂಜೀಫಾ ಎಲೆಗಳಿಗೆ ದೊರೆ ಹೊಸ ಹೊಸ ಕಟ್ಟುಗಳನ್ನೇ ರೂಪಿಸಿದರು, ಕೆಲವದರಲ್ಲಿ ಮುನ್ನೂರಕ್ಕೂ ಹೆಚ್ಚು ಎಲೆ. ಚದುರಂಗದ ಕುದುರೆಯನ್ನು 64 ಮನೆಗೂ ಒಂದೊಂದೇ ಸಲ ನಡೆಸಿ ಮುಗಿಸುವ ಸಮಸ್ಯೆ ಅವರಿಗೆ ಬಲು ಪ್ರಿಯ. ಚದುರಂಗದ ಚರಿತ್ರೆ ಬರೆದ ಪಾಶ್ಚಾತ್ಯರೂ ಮೈಸೂರು ದೊರೆಯ ಕುದುರೆ ನಡೆಗಳನ್ನು ಪ್ರಸ್ತಾಪಿಸಿದ್ದಾರೆ. ವಿದ್ವಾಂಸೆ ಆರ್. ವಸಂತ ಅವರು ಈ ರಾಜನ ಆಟ, ಒಗಟುಗಳ ಮೇಲೆಯೇ ಇಂಗ್ಲಿಷಿನಲ್ಲಿ ಒಂದು ಪುಸ್ತಕ ಬರೆದಿದ್ದಾರೆ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಮಾತು ಹೇಳಲೇಬೇಕು. ದೊರೆ ಕಂಡುಹಿಡಿದ ಆಟಗಳಲ್ಲಿ ಒಂದನ್ನಾದರೂ ಇವತ್ತು ನಮ್ಮ ಜಿಲ್ಲೆಯ ಯಾವುದಾದರೂ ಜಗಲಿಯ ಮೇಲೆ ಆಡುವುದನ್ನು ನಾನು ಕಂಡಿಲ್ಲ. ಬಣ್ಣ ಹಾಕಿದ ಪಟ ಉಳಿದಿದೆ, ನಿಯಮ ಬರೆದ ಹೊತ್ತಗೆ ಉಳಿದಿದೆ, ಆಡುವ ಗುಂಪು ಉಳಿದಿಲ್ಲ. ಚೌಕಾಬಾರಕ್ಕೆ ಕರ್ತೃ ಇಲ್ಲ, ಹೊತ್ತಗೆ ಇಲ್ಲ, ರಾಜಾಶ್ರಯವೂ ಬೇಕಾಗಲಿಲ್ಲ. ಪ್ರತಿ ಮನೆಯಲ್ಲೂ ನಿಯಮ ಒಂದಿಷ್ಟು ಬೇರೆ. ಆ ಬೇರೆತನವನ್ನು ಇತ್ಯರ್ಥ ಮಾಡಿಕೊಳ್ಳಲಿಕ್ಕೆ ಜನ ಮಾತಾಡಬೇಕು, ಮಾತಾಡಲಿಕ್ಕೆ ಕೂರಬೇಕು. ಪುಸ್ತಕದಲ್ಲಿ ನಿಯಮ ಭದ್ರವಾಗಿರುವ ಆಟಕ್ಕಿಂತ ಬಾಯಲ್ಲಿ ನಿಯಮ ಅಲ್ಲಾಡುವ ಆಟವೇ ಹೆಚ್ಚು ಕಾಲ ಬಾಳಿತು. ಸಂಶೋಧಕರು ಒಪ್ಪುತ್ತಾರೋ ಇಲ್ಲವೋ, ಚಾಪೆಯ ಮೇಲೆ ಕೂತವನಿಗೆ ಹೀಗೆ ಕಾಣುತ್ತದೆ.

ಕಾಡು ದಾಟಿದರೆ ನಿಯಮ ಇನ್ನೂ ಬದಲಾಗುತ್ತದೆ. ಗುಂಡ್ಲುಪೇಟೆಯಿಂದ ಒಂದು ದಾರಿ ಊಟಿಗೆ, ಒಂದು ದಾರಿ ಸುಲ್ತಾನ್ ಬತ್ತೇರಿಗೆ. ಚಾಮರಾಜನಗರದ ಆಚೆ, ಈರೋಡು ಜಿಲ್ಲೆಗೆ ಸೇರಿದ್ದರೂ ಕನ್ನಡದಲ್ಲೇ ಮಾತಾಡುವ ತಾಳವಾಡಿ. ತಮಿಳರ ಬಾಯಲ್ಲಿ ಚೌಕಾಬಾರ ತಾಯಂ. ಅಲ್ಲಿ ಕವಡೆಯ ಬದಲು ಹಿತ್ತಾಳೆಯ ಉದ್ದ ದಾಳ ಉರುಳಿಸುವವರೂ ಇದ್ದಾರೆ. ತೆಲುಗರಿಗೆ ಅಷ್ಟಾ ಚಮ್ಮ. ತಾಳವಾಡಿ ಕಡೆಯಿಂದ ಬಂದ ಸೊಸೆಗೂ ಗುಂಡ್ಲುಪೇಟೆಯ ಅತ್ತೆಗೂ ಪಟದ ಬಗ್ಗೆ ತಕರಾರಿಲ್ಲ, ಗರದ ಬಗ್ಗೆ ಮಾತ್ರ ಇರುತ್ತದೆ.

ಹೆಂಗಸರ ಮಾತು ಬಂತಲ್ಲ, ಚೌಕಾಬಾರ ಉಳಿದದ್ದು ಅವರಿಂದ. ನಮ್ಮ ಕಡೆ ಗಂಡಸರು ಎಂದೋ ಇಸ್ಪೀಟಿಗೆ ಹೋದರು. ಅರಳಿಕಟ್ಟೆಯ ಮೇಲೆ ಟವೆಲ್ ಹಾಸಿ, ಮೊದಲು ಹೊತ್ತು ಕಳೆಯಲಿಕ್ಕೆ, ಆಮೇಲೆ ಕಾಸಿಗೆ. ಅಂದರ್ ಬಾಹರ್ ಆಡುತ್ತಿದ್ದವರ ಮೇಲೆ ದಾಳಿ, ಪಣಕ್ಕಿಟ್ಟ ಹಣ ವಶ ಎಂಬ ಸುದ್ದಿ ಇಲ್ಲದ ವಾರ ಜಿಲ್ಲಾ ಪುಟಕ್ಕೆ ಅಪರೂಪ. ಕರ್ನಾಟಕ ಪೊಲೀಸ್ ಕಾಯ್ದೆ, 1963 ಅದೃಷ್ಟದ ಮೇಲೆ ಹಣ ಕಟ್ಟುವುದನ್ನು ಅಪರಾಧ ಮಾಡಿ, ಕೌಶಲದ ಆಟಕ್ಕೆ ವಿನಾಯಿತಿ ಕೊಟ್ಟಿದೆ. ರಮ್ಮಿ ಬಹುಪಾಲು ಕೌಶಲದ ಆಟ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 1967ರಲ್ಲಿ. ಮೊಬೈಲಿನಲ್ಲಿ ಕಾಸು ಕಟ್ಟಿ ಆಡುವುದಕ್ಕೆ ಕೇಂದ್ರ ಸರ್ಕಾರ 2025ರಲ್ಲಿ ಹೊಸ ಕಾಯ್ದೆ ತಂದು ತಡೆ ಹಾಕಿತು. ಇಷ್ಟು ಕಾನೂನಿನ ಕಣ್ಣಿಗೂ ಬೀಳದ ಆಟವೆಂದರೆ ಅಡುಗೆಮನೆ ಪಕ್ಕದ ನಡುಮನೆಯಲ್ಲಿ ಹುಣಸೆ ಬೀಜದಲ್ಲಿ ನಡೆಯುತ್ತಿದ್ದದ್ದು. ಪಣ ಇಲ್ಲದೆಯೇ ಅಲ್ಲಿ ಜಿದ್ದು ಜೋರು. ನಮ್ಮ ದೊಡ್ಡವ್ವ ಮುರಿದ ಬಳೆ ಚೂರನ್ನೇ ಕಾಯಿ ಮಾಡಿಕೊಂಡು ಆಡುತ್ತಿದ್ದಳು. ಹಸಿರು ಬಳೆಯ ಕಾಯಿ ಅವಳಿಗೇ ಮೀಸಲು. ಬೇರೆ ಯಾರಾದರೂ ಹಸಿರು ಎತ್ತಿಕೊಂಡರೆ ಆಟವೇ ಶುರುವಾಗುತ್ತಿರಲಿಲ್ಲ. ಶಿವರಾತ್ರಿಯ ಜಾಗರಣೆಗೆ ಮಾದಪ್ಪನ ಬೆಟ್ಟಕ್ಕೆ ಹೋಗಲಾಗದ ವರ್ಷ ಅವಳ ಜಾಗರಣೆ ಪೂರ್ತಿ ಪಟದ ಮುಂದೆ.

ಆಗ ಪಟ ಹಾಕಲು ನೆಲ ಇತ್ತು. ಸಾರಿಸಿದ ನೆಲದ ಮೇಲೆ ಇದ್ದಿಲು, ಕಡಪ ಕಲ್ಲಿನ ಮೇಲೆ ಸೀಮೆಸುಣ್ಣ, ರೆಡ್ ಆಕ್ಸೈಡ್ ನೆಲದ ಮೇಲೆ ಬಳಪ. ಕೆಲವು ಮನೆಗಳ ಜಗಲಿ ಕಲ್ಲಿಗೆ ಪಟವನ್ನು ಉಳಿಯಲ್ಲೇ ಹೊಡೆಸಿರುತ್ತಿದ್ದರು. ದೇವಸ್ಥಾನದ ಹಾಸುಗಲ್ಲಿನ ಮೇಲಂತೂ ಇಂಥವು ನಾಡಿನ ಉದ್ದಗಲಕ್ಕೂ ಇವೆ. ಹಂಪಿಯ ಮಂಟಪಗಳಲ್ಲಿ ತಲೆ ತಗ್ಗಿಸಿ ನೋಡುತ್ತ ನಡೆದರೆ ಹುಲಿ-ಕುರಿಯ ಮುಕ್ಕೋನ, ಸಾಲುಮನೆಯ ಚೌಕ, ಅಳಿಗುಳಿಯ ಗುಳಿಗಳು ಸಿಗುತ್ತವೆ. ಪ್ರವಾಸಿಗರು ಕಂಬದ ಶಿಲ್ಪ ನೋಡಲು ತಲೆ ಎತ್ತಿರುತ್ತಾರೆ, ಆಟ ಕಾಲಡಿಯಲ್ಲಿರುತ್ತದೆ. ಈಗಿನ ಮನೆಗಳ ವಿಟ್ರಿಫೈಡ್ ಟೈಲ್ಸ್ ಮೇಲೆ ಸೀಮೆಸುಣ್ಣ ಹತ್ತುವುದಿಲ್ಲ. ಹತ್ತಿದರೂ ಮನೆಯವರು ಬಿಡುವುದಿಲ್ಲ. ನಾವು ಗುಂಡ್ಲುಪೇಟೆಯ ಪ್ರಿಂಟಿಂಗ್ ಅಂಗಡಿಯೊಂದರಲ್ಲಿ, ಯಾರದೋ ಹುಟ್ಟುಹಬ್ಬದ ಫ್ಲೆಕ್ಸಿನ ತುಂಡಿನ ಹಿಂಬದಿಗೆ ಪಟ ಬರೆಸಿಕೊಂಡಿದ್ದೇವೆ. ಮಗುಚಿದರೆ ಅರ್ಧ ಮುಖದ ನಾಯಕರೊಬ್ಬರು ಕೈಮುಗಿದು ನಿಂತಿದ್ದಾರೆ. ಸೋತವರು ಸಿಟ್ಟಿಗೆ ಪಟ ಮಗುಚಿದಾಗಲೆಲ್ಲ ಅವರ ದರ್ಶನ.

ನಾಯಕರ ನೆನಪಾದರೆ ಇನ್ನೊಂದು. ಚಾಮರಾಜನಗರಕ್ಕೆ ಕಾಲಿಟ್ಟ ಮುಖ್ಯಮಂತ್ರಿ ಕುರ್ಚಿ ಕಳೆದುಕೊಳ್ಳುತ್ತಾರೆ ಎಂಬ ಮಾತು ದಶಕಗಟ್ಟಲೆ ಈ ಊರಿನ ತಲೆಗೆ ಕಟ್ಟಿತ್ತು. ಬುದ್ಧಿವಂತಿಕೆಯನ್ನೇ ನಂಬಿ ರಾಜಕೀಯ ಮಾಡಿದವರೂ ಈ ಒಂದು ಮನೆಗೆ ಬರಲು ಅಳುಕಿದರು. ಸಿದ್ದರಾಮಯ್ಯನವರು ತಮ್ಮ 2013–18ರ ಅವಧಿಯಲ್ಲಿ ಹಲವು ಸಲ ಬಂದು ಹೋಗಿ, ಐದು ವರ್ಷ ಪೂರೈಸಿ, ಆ ಲೆಕ್ಕವನ್ನು ಚುಕ್ತಾ ಮಾಡಿದರು. “ಅವರು ಕಟ್ಟೆ ಮೇಲೆ ನಿಂತಿದ್ರು, ಕಡ್ಯಾಕಾಗ್ನಿಲ್ಲ” ಎಂಬುದು ಕಂಡಕ್ಟರಣ್ಣನ ವ್ಯಾಖ್ಯಾನ.

ಚೌಕಾಬಾರದಲ್ಲಿ ಸೋತು ಸುಸ್ತಾದವರು ಕೇಳುವುದು ಹುಲಿ-ಕುರಿ. ಇಲ್ಲಿ ಕವಡೆಯೇ ಇಲ್ಲ, ಅದೃಷ್ಟದ ಮೇಲೆ ತಪ್ಪು ಹೊರಿಸುವ ಅವಕಾಶವೂ ಇಲ್ಲ. ಮುಕ್ಕೋನದ ಪಟದಲ್ಲಿ ಗೆರೆಗಳು ಕೂಡುವ 23 ಜಾಗ. ಒಬ್ಬರಿಗೆ ಮೂರು ಹುಲಿ, ಇನ್ನೊಬ್ಬರಿಗೆ 15 ಕುರಿ. ಕುರಿಗಳನ್ನು ಒಂದೊಂದಾಗಿ ಇಡುತ್ತ ಬರಬೇಕು, ಅಷ್ಟರಲ್ಲಿ ಹುಲಿ ಓಡಾಡಲು ಶುರುಮಾಡಿರುತ್ತದೆ. ಕುರಿಯ ಹಿಂದಿನ ಜಾಗ ಖಾಲಿ ಇದ್ದರೆ ಹುಲಿ ನೆಗೆದು ಅದನ್ನು ತಿನ್ನುತ್ತದೆ. ಕುರಿಗೆ ಹಲ್ಲಿಲ್ಲ. ಅದು ಮಾಡಬಹುದಾದ್ದು ಒಂದೇ, ಹುಲಿಗಳನ್ನು ಅಲ್ಲಾಡದಂತೆ ಕಟ್ಟಿಹಾಕುವುದು. ನೇಪಾಳದಲ್ಲಿ ಇದರದೇ ದಾಯಾದಿ ಬಾಘ್ ಚಾಲ್, ನಾಲ್ಕು ಹುಲಿ, 20 ಕುರಿ.

ಬೇರೆ ಊರಿನಲ್ಲಿ ಇದು ಬರೀ ಆಟ. ಬಂಡೀಪುರದ ಅಂಚಿನಲ್ಲಿ ಹಾಗಲ್ಲ. ಹುಲಿ ಯೋಜನೆ 1973ರಲ್ಲಿ ಶುರುವಾದಾಗ ಆರಿಸಿದ ಮೊದಲ ಒಂಬತ್ತು ಅಭಯಾರಣ್ಯಗಳಲ್ಲಿ ಬಂಡೀಪುರ ಒಂದು. ಅತ್ತ ಬಿಳಿಗಿರಿರಂಗನ ಬೆಟ್ಟದ ಕಾಡು 2011ರಲ್ಲಿ ಹುಲಿ ಮೀಸಲು ಪ್ರದೇಶವಾಯಿತು. ಜಿಲ್ಲೆಯ ಜನ ನಡೆದುಕೊಳ್ಳುವ ಮಾದಪ್ಪ ಹುಲಿಯನ್ನೇರಿ ಬರುವ ದೇವರು. ಅದೇ ಹುಲಿ ಕೊಟ್ಟಿಗೆಗೂ ಬರುತ್ತದೆ. ಹಂಗಳ ಸುತ್ತಲಿನ ಹಳ್ಳಿಗಳಲ್ಲಿ ಹಸು, ಮೇಕೆ ಹೋಯಿತು ಎಂಬುದು ಹೊಸ ಸುದ್ದಿಯೇನಲ್ಲ. ಅರಣ್ಯ ಇಲಾಖೆಯ ಪರಿಹಾರಕ್ಕೆ ಅರ್ಜಿ ಹಾಕಲು ಏನೇನು ಕಾಗದ ಬೇಕೆಂಬುದು ಅಲ್ಲಿನ ರೈತರಿಗೆ ಬಾಯಿಪಾಠ. ನಮ್ಮ ಭಾವ ಯಾವಾಗಲೂ ಕುರಿಯ ಕಡೆಗೇ ಕೂರುತ್ತಾರೆ. ಅವರ ಆಟ ನೋಡಬೇಕು: ಮೊದಲ ಕುರಿಗಳನ್ನು ಪಟದ ಅಂಚಿಗೇ ಇಡುತ್ತಾರೆ, ಹಿಂದೆ ಜಾಗವೇ ಇಲ್ಲದಂತೆ. ಅಂಚಿನ ಸಾಲು ತುಂಬಿದ ಮೇಲೆ ಒಂದೊಂದೇ ಹೆಜ್ಜೆ ಒಳಕ್ಕೆ, ಪ್ರತಿ ಕುರಿಯ ಬೆನ್ನಿಗೂ ಇನ್ನೊಂದು ಕುರಿ. ನಡುವೆ ಒಂದು ಕುರಿಯನ್ನು ಬೇಕೆಂದೇ ಬಲಿ ಕೊಡುತ್ತಾರೆ. ನೆಗೆದ ಹುಲಿ ಮೂಲೆಗೆ ಹೋಗಿ ಬಿದ್ದರೆ ಅದು ಮತ್ತೆ ಹೊರಬರುವುದಿಲ್ಲ. ಬೆಂಗಳೂರಿನ ಮಗ ಹುಲಿಯ ಕಡೆ ಕೂತು, ಎರಡು ಕುರಿ ತಿಂದು ಬೀಗಿ, ಹತ್ತು ನಿಮಿಷದಲ್ಲಿ ಮೂರೂ ಹುಲಿ ಕಟ್ಟಿಸಿಕೊಂಡು ಕೂತಿರುತ್ತಾನೆ. “ಒಂದ್ ಕುರಿ ಹೋದ್ರೆ ಹೋಗ್ಲಿ ಅನ್ನಕ್ಕ ನಿಂಗೆ ಧೈರ್ಯ ಇಲ್ಲ, ಅದ್ಕೇ ನಿಂಗೆ ಕುರಿ ಕೊಡಲ್ಲ,” ಎಂದು ಭಾವ ಹೇಳುವಾಗ ಅದು ಪಟದ ಮಾತೋ ಕೊಟ್ಟಿಗೆಯ ಮಾತೋ ಎಂದು ನಾವ್ಯಾರೂ ಕೇಳಲು ಹೋಗುವುದಿಲ್ಲ.

ಆ ಹುಡುಗ ಒಮ್ಮೆ ಬೆಂಗಳೂರಿನಿಂದ ಕಟಾನ್ ತಂದಿದ್ದ. ಜರ್ಮನಿಯ ಕ್ಲಾಸ್ ಟಾಯ್ಬರ್ 1995ರಲ್ಲಿ ಹೊರತಂದ ಆಟ. ಆರು ಮೂಲೆಯ ಬಿಲ್ಲೆಗಳನ್ನು ಜೋಡಿಸಿ ದ್ವೀಪ ಮಾಡಿಕೊಂಡು, ಮರ, ಇಟ್ಟಿಗೆ, ಉಣ್ಣೆ, ಧಾನ್ಯ, ಅದಿರು ಕೂಡಿಟ್ಟು, ರಸ್ತೆ, ಮನೆ, ಪಟ್ಟಣ ಕಟ್ಟುವುದು. ಜಗತ್ತಿನಲ್ಲಿ ಹೊಸ ಕಾಲದ ಮಣೆಯಾಟಗಳ ಹುಚ್ಚು ಹಬ್ಬಿಸಿದ್ದರಲ್ಲಿ ಇದರ ಪಾಲು ದೊಡ್ಡದು. ಆಟ ಚೆನ್ನಾಗಿದೆ, ಅನುಮಾನವೇ ಇಲ್ಲ. “ಎರಡು ಉಣ್ಣೆ ಕೊಡ್ತೀನಿ, ಒಂದು ಇಟ್ಟಿಗೆ ಕೊಡು” ಎಂಬ ಚೌಕಾಸಿಯಲ್ಲಿ ಅಕ್ಕ ಸಂತೆಗಿಂತ ಚುರುಕು. ಆದರೆ ಅಲ್ಲಿ ಕಟ್ಟಿದ ಮನೆಯನ್ನು ಯಾರೂ ಕೆಡವುವಂತಿಲ್ಲ. ಎದುರಾಳಿಯ ದಾರಿಗೆ ಅಡ್ಡ ಹಾಕಬಹುದು, ಕಳ್ಳನನ್ನು ಕೂರಿಸಿ ಒಂದು ಎಲೆ ಕಸಿಯಬಹುದು, ಅಷ್ಟೆ. ಸಂದೇಹ ಬಂದರೆ ಪುಸ್ತಕ ತೆಗೆಯುತ್ತಾನೆ ಹುಡುಗ. ಪುಸ್ತಕ ತೆಗೆದ ಕೂಡಲೇ ಜಗಳ ಮುಗಿದುಹೋಗುತ್ತದೆ. ಆ ಸಂಜೆ ಎಲ್ಲವೂ ಅಚ್ಚುಕಟ್ಟಾಗಿ ನಡೆಯಿತು, ಎಂಟು ಗಂಟೆಗೆ ಎಲ್ಲರೂ ಎದ್ದರು. ಮುಂದಿನ ವಾರ ಯಾರೂ ಏನೂ ಹೇಳದೆಯೇ ಫ್ಲೆಕ್ಸಿನ ಪಟ ಹಾಸಿತ್ತು.

ಮೊಬೈಲಿನ ಲೂಡೋ ಬಗ್ಗೆ ಹೆಚ್ಚು ಹೇಳುವುದಿಲ್ಲ. ಲೂಡೋ ನಮ್ಮ ಪಚ್ಚೀಸಿಯ ಮೊಮ್ಮಗು, ಇಂಗ್ಲೆಂಡಿನಲ್ಲಿ 1896ರಲ್ಲಿ ಪೇಟೆಂಟ್ ಪಡೆದು ಹೊಸ ಹೆಸರಿನಲ್ಲಿ ವಾಪಸು ಬಂದದ್ದು. 2016ರಲ್ಲಿ ಬಂದ ಲೂಡೋ ಕಿಂಗ್ 2020ರ ಲಾಕ್‌ಡೌನಿನಲ್ಲಿ ಮನೆಮನೆ ಹೊಕ್ಕಿತು. ರಾಜ್ಯದ ಬೇರೆ ಜಿಲ್ಲೆಗಳಲ್ಲೆಲ್ಲ ಕೊರೊನಾ ಕಾಣಿಸಿಕೊಂಡ ಮೇಲೂ ಜೂನ್‌ವರೆಗೆ ಒಂದೂ ಪ್ರಕರಣವಿಲ್ಲದೆ ಚಾಮರಾಜನಗರ ಹಸಿರು ವಲಯವಾಗಿತ್ತು. ಬಾಗಿಲು ಹಾಕಿಕೊಂಡು ಕೂತ ಆ ದಿನಗಳಲ್ಲಿ ಮೊಬೈಲು ಎಷ್ಟು ಓಡಿತೋ, ಅಟ್ಟದ ಮೇಲಿನ ಡಬ್ಬದಿಂದ ಕವಡೆಯೂ ಅಷ್ಟೇ ಇಳಿದು ಬಂತು. ಮೊಬೈಲು ಕವಡೆ ಎಣಿಸುವಲ್ಲಿ ಮೋಸ ಮಾಡುವುದಿಲ್ಲ. ಅದೇ ಅದರ ಕೊರತೆ.

ಗುಂಡ್ಲುಪೇಟೆಯ ಸಂಜೆ ಮುಗಿಯುವ ಹೊತ್ತನ್ನು ನಮ್ಮ ಗಡಿಯಾರಕ್ಕಿಂತ ಕಾಡು ನಿರ್ಧರಿಸುತ್ತದೆ. 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಬಂಡೀಪುರದೊಳಗಿನ ಹೆದ್ದಾರಿ ಬಂದ್. ತುರ್ತು ವಾಹನ, ಬೆರಳೆಣಿಕೆಯ ಬಸ್ಸು ಬಿಟ್ಟರೆ ಮೇಲುಕಾಮನಹಳ್ಳಿಯ ಗೇಟು ಯಾರಿಗೂ ಏಳುವುದಿಲ್ಲ. ಎಂಟೂವರೆ ಹೊತ್ತಿಗೆ ಊಟಿ ರಸ್ತೆಯಲ್ಲಿ ಗೇಟು ಬೀಳುವುದರೊಳಗೆ ದಾಟಬೇಕೆನ್ನುವವರ ಹಾರ್ನು, ಆಮೇಲೆ ದಾಟಲಾಗದೆ ಉಳಿದ ಲಾರಿಗಳ ಸಾಲು. ಆ ಹಾರ್ನು ಜೋರಾಯಿತೆಂದರೆ ಅಕ್ಕ ಕವಡೆ ಎತ್ತಿಡುತ್ತಾರೆ. ಯಾರ ಕಾಯಿ ಎಲ್ಲಿತ್ತೆಂದು ಮೇಷ್ಟ್ರು ಡೈರಿಯಲ್ಲಿ ಬರೆದಿಟ್ಟುಕೊಳ್ಳುತ್ತಾರೆ. ಮುಂದಿನ ಶನಿವಾರ ಆ ಡೈರಿಯ ಮೇಲೂ ತಕರಾರು.

ಈ ಆಟಗಳಿಗೆ ದೊಡ್ಡ ನೆಲೆಯಲ್ಲಿ ಕೆಲಸ ಮಾಡುತ್ತಿರುವವರೂ ಇದ್ದಾರೆ. ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನ ‘ಕ್ರೀಡಾ ಕೌಶಲ್ಯ’ ಎಂಬ ಹೆಸರಿನಲ್ಲಿ ಸಾಂಪ್ರದಾಯಿಕ ಮಣೆಯಾಟಗಳ ಪ್ರದರ್ಶನವನ್ನು ವರ್ಷಗಳಿಂದ ನಡೆಸಿಕೊಂಡು ಬಂದಿದೆ. ಬಟ್ಟೆಯ ಮೇಲೆ ಕಸೂತಿ ಹಾಕಿದ ಪಟ, ಅರಗಿನ ಬಣ್ಣದ ಕಾಯಿ ಅಲ್ಲಿ ಸಿಗುತ್ತವೆ. ಕೊಳ್ಳಬೇಕೆನ್ನುವವರು ಕೊಳ್ಳಲಿ, ಉಡುಗೊರೆಗೂ ಚೆಂದ.

ಕೊಳ್ಳದೆಯೂ ಆಡಬಹುದು. ನಾಲ್ಕು ಕವಡೆ ಯಾವುದೇ ಗ್ರಂಥಿಗೆ ಅಂಗಡಿಯಲ್ಲಿ ಸಿಗುತ್ತವೆ. ಕಾಯಿಗೆ ಕಾಳು, ಗುಂಡಿ, ಬಳೆ ಚೂರು, ಏನಾದರೂ ಆದೀತು. ಮನೆ ರಿಪೇರಿಗೆ ಹಾಕಿದ್ದರೆ, ಜಗಲಿ ಕಲ್ಲು ಕೀಳಿಸುವ ಮುಂಚೆ ಒಂದು ಸಲ ತೊಳೆದು ನೋಡಿ. ಪಟ ಕಂಡರೆ ಆ ಕಲ್ಲನ್ನು ಅಂಗಳದಲ್ಲಾದರೂ ಉಳಿಸಿಕೊಳ್ಳಿ. ಮನೆಯಲ್ಲಿ ವಯಸ್ಸಾದವರಿದ್ದರೆ ಅವರ ಊರಿನ ಕಟ್ಟು ಏನೆಂದು ಕೇಳಿ ಬರೆದಿಟ್ಟುಕೊಳ್ಳಿ. ಅವರು ಹೇಳಿದ್ದು ನಿಮಗೆ ಗೊತ್ತಿರುವುದಕ್ಕಿಂತ ಬೇರೆ ಇದ್ದರೆ ತಿದ್ದಲು ಹೋಗಬೇಡಿ. ಕೂತ ಮೇಲೆ ಮೂರು ಮಾತು ಮೊದಲೇ ಇತ್ಯರ್ಥವಾಗಲಿ: ಹೊರಸುತ್ತಿನಲ್ಲಿ ಗಟ್ಟಿ ಉಂಟೋ ಇಲ್ಲವೋ, ಮೂರು ಸಲ ಒಟ್ಟಿಗೆ ಬಾರ ಬಿದ್ದರೆ ಅದು ನಡೆಯುತ್ತದೋ ಸಾಯುತ್ತದೋ, ಒಂದರ ಮೇಲೊಂದು ಏರಿ ನಿಂತ ಕವಡೆಯನ್ನು ಎಣಿಸುವುದೋ ಮತ್ತೆ ಬಿಡುವುದೋ. ಮಿಕ್ಕದ್ದಕ್ಕೆ ಆಟದ ನಡುವೆ ಜಗಳವಾಡಲು ಅಡ್ಡಿಯಿಲ್ಲ.